ಬುದ್ಧಿ ಹೇಳುವ ಚಟ

ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅಂದ ಕೂಡಲೇ ನಮ್ಮ ಆಫೀಸುಗಳಲ್ಲಿ ಜನ ಎರಡು ಊಹೆ ಮಾಡ್ತಾರೆ. ಒಂದು, ಯೂಟ್ಯೂಬ್‌ನಲ್ಲಿ ಬರೋ ಮೋಟಿವೇಷನಲ್ ಭಾಷಣ. ಇನ್ನೊಂದು, ಕೆಲಸಕ್ಕೆ ಸೇರೋ ಮುಂಚಿನ ಇಂಟರ್‌ವ್ಯೂ. ಎರಡೂ ಅಲ್ಲ. ಕುಡಿತದ ಸಮಸ್ಯೆ ಇರುವವರ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಇದರ ಬಗ್ಗೆ ಮೊದಲ ಲೇಖನ ಬರೆದರು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆ ಪುಸ್ತಕ ಬಂತು. ಸಾರ ಸರಳ: ಯಾಕೆ ಬದಲಾಗಬೇಕು ಅನ್ನೋ ಕಾರಣ ಕೌನ್ಸೆಲರ್ ಬಾಯಿಂದಲ್ಲ, ಎದುರು ಕೂತವನ ಬಾಯಿಂದಲೇ ಬರಬೇಕು.

ಈಗ ಇದು ಡಯಟೀಶಿಯನ್, ಫಿಸಿಯೋಥೆರಪಿಸ್ಟ್, ಸಮಾಜಕಾರ್ಯಕರ್ತರು, ಎಚ್‌ಆರ್ ಹೀಗೆ ಕ್ಲೈಂಟ್ ಜೊತೆ ಮಾತಾಡಿಯೇ ಸಂಬಳ ತಗೊಳ್ಳುವ ಎಲ್ಲರಿಗೂ ‘ಅಡ್ವಾನ್ಸ್ಡ್’ ತರಬೇತಿಯಾಗಿ ಸಿಗುತ್ತದೆ. ಎರಡು ದಿನ, ಒಂದಷ್ಟು ಸ್ಲೈಡು, ಕೊನೆಗೊಂದು ಸರ್ಟಿಫಿಕೇಟು. ನನ್ನ ತಕರಾರು ವಿಧಾನದ ಮೇಲಲ್ಲ, ಆ ‘ಅಡ್ವಾನ್ಸ್ಡ್’ ಅನ್ನೋ ಪದದ ಮೇಲೆ.

ಹರಿಹರದಲ್ಲಿ ಒಬ್ಬ ಕೌನ್ಸೆಲರ್ ಇದ್ದಾರೆ ಅಂದುಕೊಳ್ಳಿ. ಎದುರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡೋ ಮನುಷ್ಯ. ಅವನಂತಾನೆ: “ಬಿಡ್ಬೇಕು ಅನ್ಸತೈತ್ರೀ. ಆದ್ರ ಶಿಫ್ಟ್ ಮುಗಿದ್ ಮ್ಯಾಲೆ ಕಾಲು ಅಲ್ಲಿಗೇ ಹೋಗ್ತಾವ.” ತಕ್ಷಣ ನಮ್ಮ ನಾಲಿಗೆ ತುರಿಸುತ್ತದೆ: ಲಿವರ್ ಹೋಗುತ್ತೆ, ಮಕ್ಕಳ ಮುಖ ನೋಡಪ್ಪಾ, ಮನಸ್ಸು ಗಟ್ಟಿ ಮಾಡ್ಕೋ. ಮಿಲ್ಲರ್ ಮತ್ತು ರೋಲ್ನಿಕ್ ಇದನ್ನು ‘ರೈಟಿಂಗ್ ರಿಫ್ಲೆಕ್ಸ್’ ಅಂತಾರೆ. ಕನ್ನಡದಲ್ಲಿ ನೇರವಾಗಿ ಹೇಳಬಹುದು: ಬುದ್ಧಿ ಹೇಳುವ ಚಟ. ಬಿಡೋದರ ಪರ ನಾವೇ ವಾದ ಮಾಡಿದರೆ ಅವನಿಗೆ ಉಳಿಯೋದು ಕುಡಿತದ ಪರ ವಕಾಲತ್ತು ಮಾತ್ರ. ಆ ಊರಿನ ಹರಿಹರೇಶ್ವರನ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ನೀನು ಯಾರು, ಒಂದು ತೀರ್ಮಾನ ಮಾಡ್ಕೊಂಡು ಬಾ ಅಂತ ಯಾರೂ ಮೂರ್ತಿಯನ್ನು ಕೇಳಲ್ಲ. ಈ ಮನುಷ್ಯನಲ್ಲೂ ಎರಡೂ ನಿಜ. ಬಿಡುವ ಆಸೆಯೂ ಇದೆ, ಕುಡಿಯುವ ಆಸೆಯೂ ಇದೆ.

ಈ ಚಟ ಎರಡು ದಿನದಲ್ಲಿ ಬಿಡುತ್ತಾ? ಮಿಲ್ಲರ್ ತಾವೇ ಪರೀಕ್ಷೆ ಮಾಡಿ ನೋಡಿದ್ದಾರೆ. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಕಾರ್ಯಾಗಾರ ಮುಗಿಸಿದವರು ತಾವು ಬಹಳ ಕಲಿತೆವು ಅಂತ ಬರೆದುಕೊಟ್ಟರು. ಅವರ ಸಂಭಾಷಣೆಯ ಟೇಪ್ ಕೇಳಿದರೆ ಬದಲಾವಣೆ ಕಂಡದ್ದು ಅಲ್ಪಸ್ವಲ್ಪ. ಅದು ಕ್ಲೈಂಟ್‌ಗಳಿಗೆ ತಲುಪುವಷ್ಟೂ ಇರಲಿಲ್ಲ. 2004ರಲ್ಲಿ 140 ವೃತ್ತಿಪರರ ಮೇಲೆ ದೊಡ್ಡ ಅಧ್ಯಯನವೇ ಬಂತು. ಕಾರ್ಯಾಗಾರದ ನಂತರ ಫೀಡ್‌ಬ್ಯಾಕ್ ಅಥವಾ ಕೋಚಿಂಗ್ ಸಿಕ್ಕವರ ಕೌಶಲ ಹೆಚ್ಚಾಯಿತು. ಇನ್ನೊಂದು ಮಾತೂ ಗೊತ್ತಾಯಿತು: ನಾನು ಚೆನ್ನಾಗಿ ಮಾಡ್ತೀನಿ ಅಂತ ಒಬ್ಬರು ಹೇಳಿಕೊಳ್ಳೋದಕ್ಕೂ, ಅವರು ನಿಜವಾಗಿ ಮಾಡೋದಕ್ಕೂ ಸಂಬಂಧವೇ ಇರಲಿಲ್ಲ. ಹಾಗಾದರೆ ತರಬೇತಿಯ ಕೊನೆಗೆ ತುಂಬಿಸಿಕೊಳ್ಳುವ ಆ ಫೀಡ್‌ಬ್ಯಾಕ್ ಫಾರ್ಮ್‌ಗೆ ಏನು ಬೆಲೆ?

ನಮ್ಮಲ್ಲೇ ಒಂದು ಹೋಲಿಕೆ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡ್ತಾರೆ. ಅಲ್ಲಿ ಬುದ್ಧಿಮಾತಿಗೆ ಬರವಿಲ್ಲ, ಮಿಲ್ಲರ್ ಕೇಳಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರೇನೋ. ಆದರೂ ಒಂದು ವಿಷಯ ಅವರಿಗೆ ಗೊತ್ತು: ಎಂಟನೇ ದಿನಕ್ಕೆ ಕೆಲಸ ಮುಗಿಯಲ್ಲ. ಆಮೇಲೂ ನವಜೀವನ ಸಮಿತಿಗಳಿರುತ್ತವೆ, ಜನ ಮತ್ತೆ ಮತ್ತೆ ಸೇರುತ್ತಾರೆ. ಕುಡಿತ ಬಿಡುವವನಿಗೆ ಇಷ್ಟು ಆಸರೆ ಬೇಕು ಅಂತ ಒಪ್ಪುವ ನಾವು, ಬುದ್ಧಿ ಹೇಳೋದನ್ನು ಬಿಡಬೇಕಾದ ಕೌನ್ಸೆಲರ್‌ಗೆ ಮಾತ್ರ ಸರ್ಟಿಫಿಕೇಟ್ ಕೊಟ್ಟು ಮನೆಗೆ ಕಳಿಸ್ತೀವಿ.

ಇನ್ನು ಭಾಷೆ. ಅಭ್ಯಾಸವೆಲ್ಲ ಇಂಗ್ಲಿಷಿನಲ್ಲಿ, ಕ್ಲೈಂಟ್ ಮಾತ್ರ ಕನ್ನಡದಲ್ಲಿ. ‘ಇಟ್ ಸೌಂಡ್ಸ್ ಲೈಕ್’ ಅನ್ನೋದನ್ನು “ನಿಮಗೆ ಬೇಸರವಾಗಿದೆ ಅಂತ ಕೇಳಿಸ್ತಿದೆ” ಅಂತ ತಂದರೆ ದಾವಣಗೆರೆಯಲ್ಲಿ ಯಾರಾದರೂ ನಗ್ತಾರೆ. “ಅಂದ್ರೆ, ಶಿಫ್ಟ್ ಮುಗಿದ ಆ ಹೊತ್ತೇ ಕಷ್ಟ” ಅಂತ ದನಿ ಇಳಿಸಿ ನಿಲ್ಲಿಸಿ, ಅವನು ಮುಂದುವರಿಸ್ತಾನೆ. ಅದಕ್ಕೇ “ಅಲ್ವಾ?” ಸೇರಿಸಿ ನೋಡಿ, ಪಾಟೀ ಸವಾಲು ಆಯ್ತು. ಅವನ ಮಾತನ್ನೇ ತಿರುಗಿಸಿ, “ಕಾಲು ಅಲ್ಲಿಗೇ ಹೋಗ್ತಾವೆ, ಆದ್ರೂ ಬಿಡ್ಬೇಕು ಅನ್ಸುತ್ತೆ” ಅಂದರೆ ಕೊನೆಗೆ ಉಳಿಯೋದು ಬಿಡುವ ಮಾತು. “ಹತ್ತಕ್ಕೆ ಎಷ್ಟು?” ಅಂತ ಕೇಳಿದರೆ ಫೇಲಾದ ಹುಡುಗನ ಹಾಗೆ ತಲೆ ತಗ್ಗಿಸ್ತಾನೆ. “ರೂಪಾಯಿಗೆ ಎಷ್ಟಾಣೆ ಮನಸ್ಸೈತಿ?” ಅನ್ನಿ. ಆರಾಣೆ ಅಂದರೆ, “ಎರಡೇ ಆಣೆ ಅನ್ನಲಿಲ್ಲ, ಯಾಕೆ?” ಅಂತ ಕೇಳಿ. ಉತ್ತರದಲ್ಲಿ ಅವನ ಕಾರಣಗಳು ತಾವಾಗಿ ಬರ್ತವೆ. ಈ ಕೆಲಸವನ್ನು ಕನ್ನಡದಲ್ಲಿ ಕೂತು ಮಾಡದ ತರಬೇತಿ ಎಷ್ಟೇ ದುಬಾರಿ ಇದ್ದರೂ ಬೇಸಿಕ್ಕೇ.

ಕಡೆಯ ತಕರಾರು, ಎಲ್ಲಕ್ಕಿಂತ ದೊಡ್ಡದು. ಜನರಿಂದ ಅವರಿಗೆ ಬೇಡದ್ದನ್ನು ಮಾಡಿಸುವ ಕುತಂತ್ರ ಇದಲ್ಲ ಅಂತ ಮಿಲ್ಲರ್, ರೋಲ್ನಿಕ್ 2009ರಲ್ಲೇ ಬರೆದಿದ್ದಾರೆ. ಅದೇ ಕೌಶಲ ಇನ್ಶೂರೆನ್ಸ್ ಮಾರುವವನ ಕೈಗೆ, ರಾಜೀನಾಮೆ ಬರೆಸಿಕೊಳ್ಳಬೇಕಾದ ಎಚ್‌ಆರ್ ಕೈಗೆ ಹೋದರೆ? ಎದುರಿನವನ ಮಾತನ್ನೇ ಹಿಡಿದು ಅವನನ್ನೇ ಒಪ್ಪಿಸಬಹುದು. ಲಾಭ ಯಾರಿಗೆ ಅನ್ನೋ ಪ್ರಶ್ನೆಗೆ ಉತ್ತರ ‘ಕ್ಲೈಂಟ್‌ಗೆ’ ಅಲ್ಲದಿದ್ದರೆ ಅದು ಬೇರೆಯೇ ದಂಧೆ.

ನಿಮ್ಮ ಕಂಪನಿ ಮುಂದಿನ ಸಲ ಈ ತರಬೇತಿಗೆ ಹೆಸರು ಕೇಳಿದಾಗ ಒಂದೇ ವಿಚಾರಿಸಿ: ಕ್ಲೈಂಟ್ ಒಪ್ಪಿಗೆ ಪಡೆದು ನಾನು ಮಾಡಿದ ರೆಕಾರ್ಡಿಂಗನ್ನು ಮೂರು ತಿಂಗಳಾದ ಮೇಲೆ ಯಾರು ಕೂತು ಕೇಳ್ತಾರೆ, ಮತ್ತು ಅವರಿಗೆ ಕನ್ನಡ ಬರುತ್ತಾ? ಹೆಸರು, ದಿನಾಂಕ ಸಮೇತ ಉತ್ತರ ಸಿಕ್ಕರೆ ದುಡ್ಡು ಕಟ್ಟಿ. ಸಿಗದಿದ್ದರೆ ಆ ಎರಡು ದಿನ ನಿಮ್ಮ ಕ್ಲೈಂಟ್‌ಗಳಿಗೇ ಕೊಡಿ, ಸ್ವಲ್ಪ ಕಡಿಮೆ ಮಾತಾಡಿ.