ಸುಮ್ಮನಿರುವಾಗ ಎಷ್ಟು ತಿನ್ನುತ್ತದೆ?

ಕಂಪನಿಗಳು ಹೊರಹಾಕಿದ ರ‍್ಯಾಕ್ ಸರ್ವರ್‌ಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊತ್ತು ತಂದು ಮನೆಯ ಸ್ಟೋರೇಜ್ ಸರ್ವರ್ ಮಾಡಿಕೊಳ್ಳುವ ಹುಮ್ಮಸ್ಸು ಮತ್ತೆ ಜೋರಾಗಿದೆ. ಎರಡು ಜಿಯಾನ್ ಪ್ರೊಸೆಸರ್, ರಾಶಿ ರ‍್ಯಾಮ್, ಹನ್ನೆರಡು ಡಿಸ್ಕ್‌ಗೆ ಜಾಗ, ಬೆಲೆಯೂ ಅಗ್ಗ, ಬಿಡೋದು ಹೇಗೆ ಸಾರ್ ಎಂದು ಕೇಳುತ್ತಾರೆ. ಬಿಡಿ. ಈ ಮಾತನ್ನು ಹಿಂದೆಯೂ ಹೇಳಿದ್ದೇನೆ, ಈ ಸಲ ಲೆಕ್ಕ ಹಾಕಿಯೇ ಹೇಳುತ್ತೇನೆ.

ಒಂದು ವ್ಯಾಟ್ ವರ್ಷಪೂರ್ತಿ ನಿಲ್ಲದೆ ಎಳೆದರೆ 8.76 ಯೂನಿಟ್. ಇಂಥ ಸರ್ವರ್ ಏನೂ ಕೆಲಸ ಮಾಡದೆ ಕುಳಿತಾಗಲೇ ಸಲೀಸಾಗಿ 100 ವ್ಯಾಟ್ ಎಳೆಯುತ್ತದೆ, ಅಂದರೆ ತಿಂಗಳಿಗೆ 72 ಯೂನಿಟ್. ನಿಮ್ಮ ಮನೆಯ ಸರಾಸರಿ ಬಳಕೆ 140 ಯೂನಿಟ್ ಎಂದಿಟ್ಟುಕೊಳ್ಳಿ. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಸರಾಸರಿಯ ಮೇಲೆ ಶೇ 10 ಸೇರಿಸಿ 154 ಯೂನಿಟ್‌ವರೆಗೆ ಬಿಲ್ ಇಲ್ಲ. ಇದರ ಜೊತೆಗೆ ಆ ಸರ್ವರ್ ಓಡಿದರೆ 212 ಯೂನಿಟ್ ಆಗುತ್ತದೆ. ಯೋಜನೆಯ ಮಿತಿಯಾದ 200 ದಾಟಿತಲ್ಲ, ಇಡೀ ಬಿಲ್ ಕಟ್ಟಬೇಕು. ಅದೇ ಜಾಗದಲ್ಲಿ 15 ವ್ಯಾಟ್‌ನ ಪುಟ್ಟ ಯಂತ್ರ ಇದ್ದರೆ ತಿಂಗಳಿಗೆ 10.8 ಯೂನಿಟ್, ಒಟ್ಟು 150.8. ಶೂನ್ಯ ಬಿಲ್ ಹಾಗೇ ಉಳಿಯುತ್ತದೆ. ಅಗ್ಗಕ್ಕೆ ಸಿಕ್ಕಿದ್ದು ಯಾವುದು ಎಂದು ಈಗ ನೀವೇ ಹೇಳಿ.

ರ‍್ಯಾಕ್ ಪಂಥದವರ ವಾದ ನನಗೆ ಗೊತ್ತು: ನಾಳೆ ಶಕ್ತಿ ಬೇಕಾದರೆ? ಯಾವ ಕೆಲಸಕ್ಕೆ ಬೇಕು ಎಂಬುದನ್ನು ಅವರು ಹೇಳುವುದಿಲ್ಲ. ಮನೆಯ ಸರ್ವರಿನ ದಿನಚರಿ ಎಂದರೆ ಫೋನಿನ ಫೋಟೊಗಳು ಬಂದು ಕೂರುವುದು, ರಾತ್ರಿ ಟಿ.ವಿ.ಗೆ ಒಂದು ಸಿನಿಮಾ, ಆಗಾಗ ಬ್ಯಾಕಪ್. ಉಳಿದ ಹೊತ್ತೆಲ್ಲ ಅದು ಖಾಲಿ ಕೂತಿರುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ, ಇದು ಸುಮ್ಮನಿರುವಾಗ ಎಷ್ಟು ತಿನ್ನುತ್ತದೆ ಎಂಬುದು.

ಈ ಪ್ರಶ್ನೆಯನ್ನು ದೊಡ್ಡದಾಗಿ ಎತ್ತಿದವರು ಗೂಗಲ್‌ನ ಲೂಯಿಸ್ ಆಂಡ್ರೆ ಬರೋಸೊ ಮತ್ತು ಉರ್ಸ್ ಹೋಲ್ಸ್‌ಲೆ. 2007ರ ಡಿಸೆಂಬರ್‌ನಲ್ಲಿ 'ಕಂಪ್ಯೂಟರ್' ಪತ್ರಿಕೆಯಲ್ಲಿ ಬಂದ ಅವರ ಕಿರುಲೇಖನವನ್ನು ಈ ಹವ್ಯಾಸದವರೆಲ್ಲ ಓದಿರಬೇಕು ಎಂಬುದು ನನ್ನ ಹಟ. ಐದು ಸಾವಿರಕ್ಕೂ ಹೆಚ್ಚು ಸರ್ವರ್‌ಗಳನ್ನು ಆರು ತಿಂಗಳು ಗಮನಿಸಿ ಅವರು ಹೇಳಿದ್ದು ಇಷ್ಟು: ಸರ್ವರ್‌ಗಳು ಪೂರ್ತಿ ದುಡಿಯುವುದೂ ಅಪರೂಪ, ಪೂರ್ತಿ ಬಿಡುವಾಗಿರುವುದೂ ಅಪರೂಪ. ಬಹುಪಾಲು ಹೊತ್ತು ತಮ್ಮ ಸಾಮರ್ಥ್ಯದ ಶೇ 10ರಿಂದ 50ರ ನಡುವೆ ಇರುತ್ತವೆ. ಆದರೆ ಒಳ್ಳೆಯದು ಎನಿಸಿಕೊಂಡ ಸರ್ವರ್ ಕೂಡ ಹೆಚ್ಚುಕಡಿಮೆ ಏನೂ ಮಾಡದಿರುವಾಗಲೇ ತನ್ನ ಗರಿಷ್ಠ ವಿದ್ಯುತ್ತಿನ ಅರ್ಧದಷ್ಟು ನುಂಗುತ್ತದೆ. ಮಾಡಿದ ಕೆಲಸಕ್ಕೆ ತಕ್ಕಷ್ಟೇ ವಿದ್ಯುತ್ ಬಳಸುವ ಯಂತ್ರ ಬೇಕು ಎಂಬುದು ಅವರ ಬೇಡಿಕೆ. ಅದಕ್ಕೆ ಮಾದರಿಯಾಗಿ ಮನುಷ್ಯನ ದೇಹವನ್ನೇ ಮುಂದಿಡುತ್ತಾರೆ: ವಿಶ್ರಾಂತಿಯಲ್ಲಿ 70 ವ್ಯಾಟ್‌ನಷ್ಟು ಕಡಿಮೆಗೆ ಇಳಿಯುವ ಈ ದೇಹ ಬೇಕೆಂದಾಗ ಹತ್ತಾರು ನಿಮಿಷ ಒಂದು ಕಿಲೋವ್ಯಾಟ್ ಮೀರಿ ದುಡಿಯಬಲ್ಲದು. ಆಗಿನ ಲೆಕ್ಕದಲ್ಲಿ ಪ್ರೊಸೆಸರ್ ತನ್ನ ಗರಿಷ್ಠದಿಂದ ಶೇ 70ಕ್ಕೂ ಹೆಚ್ಚು ಇಳಿಯುತ್ತಿತ್ತು, ರ‍್ಯಾಮ್ ಶೇ 50ಕ್ಕೂ ಕಡಿಮೆ. ಡಿಸ್ಕ್ ಇಳಿಯುತ್ತಿದ್ದುದು ಶೇ 25 ಮಾತ್ರ.

ಬರೋಸೊ 2023ರಲ್ಲಿ ತೀರಿಕೊಂಡರು. ಅವರ ಲೇಖನದ ಒಂದು ಮಾತು ಮಾತ್ರ ನಮ್ಮ ಮನೆಗಳಿಗೆ ತಿರುಗುಮುರುಗಾಗಿ ಅನ್ವಯಿಸುತ್ತದೆ. ಡೇಟಾ ಸೆಂಟರಿನಲ್ಲಿ ಕೆಲಸ ಚೂರುಚೂರಾಗಿ ಎಲ್ಲ ಯಂತ್ರಗಳಿಗೂ ಹಂಚಿಹೋಗುವುದರಿಂದ ಯಾವ ಯಂತ್ರಕ್ಕೂ ಗಾಢ ನಿದ್ರೆಗೆ ಪುರುಸೊತ್ತಿಲ್ಲ. ನಮ್ಮಲ್ಲಿ ಗಂಟೆಗಟ್ಟಲೆ ಪುರುಸೊತ್ತಿದೆ. ಅವರಿಗೆ ದಕ್ಕದ ನಿದ್ರೆ ನಮಗೆ ದಕ್ಕುತ್ತದೆ, ಅದನ್ನು ಕೆಡಿಸದಿದ್ದರೆ ಸಾಕು.

ಕೆಡಿಸುವವರು ಯಾರು? ಮೊದಲನೆಯದು, ಹೆಚ್ಚು ಡಿಸ್ಕ್ ಜೋಡಿಸಲೆಂದು ಹಾಕುವ ಹಳೆಯ ರೇಯ್ಡ್ ಕಾರ್ಡ್. ಅದು ತಾನೇ ಹತ್ತು ವ್ಯಾಟ್‌ನ ಆಸುಪಾಸು ತಿನ್ನುವುದು ಸಣ್ಣ ಅಪರಾಧ. ಬಿಡುವಿನಲ್ಲಿ ಕಾರ್ಡಿನ ಸಂಪರ್ಕವನ್ನು ಮಲಗಿಸುವ ಎಎಸ್‌ಪಿಎಂ ಸೌಲಭ್ಯ ಇಲ್ಲದ ಇಂಥ ಒಂದೇ ಒಂದು ಕಾರ್ಡ್ ಇಡೀ ಪ್ರೊಸೆಸರನ್ನು ಆಳದ ಸಿ-ಸ್ಟೇಟ್‌ಗಳಿಗೆ, ಅಂದರೆ ಗಾಢ ನಿದ್ರೆಯ ಹಂತಗಳಿಗೆ, ಇಳಿಯಲು ಬಿಡುವುದಿಲ್ಲ. ಲಿನಕ್ಸ್‌ನಲ್ಲಿ ಪವರ್‌ಟಾಪ್ ತೆರೆದು ಎರಡನೆಯ ಪುಟಕ್ಕೆ ಹೋಗಿ, ಎಡಗಡೆಯ 'ಪ್ಯಾಕೇಜ್' ಕಾಲಂ ನೋಡಿ. ಕಾರ್ಡ್ ಇರುವಾಗ ಅಂಕಿಯೆಲ್ಲ ಸಿ2, ಸಿ3ರ ಹತ್ತಿರ ತಡೆದು ನಿಂತಿರುತ್ತದೆ, ಕೆಳಗಿನ ಸಾಲುಗಳಲ್ಲಿ ಬರೀ ಸೊನ್ನೆ. ಕಾರ್ಡ್ ಕಿತ್ತು, ಬಯಾಸ್‌ನಲ್ಲಿ ಎಎಸ್‌ಪಿಎಂ ಆನ್ ಮಾಡಿ ಮತ್ತೆ ನೋಡಿ, ಒಳ್ಳೆಯ ಬೋರ್ಡ್ ಆದರೆ ಸೊನ್ನೆಗಳ ಜಾಗದಲ್ಲಿ ಸಿ6, ಸಿ8ರ ಮುಂದೆ ಅಂಕಿಗಳು ಏರತೊಡಗುತ್ತವೆ. ಎನ್‌100 ತರಹದ 6 ವ್ಯಾಟ್‌ನ ಪ್ರೊಸೆಸರ್ ತಂದು ಅದರ ಪಕ್ಕಕ್ಕೆ ಇಂಥ ಕಾರ್ಡ್ ಚುಚ್ಚಿದರೆ ಕೊಟ್ಟ ದುಡ್ಡು ದಂಡ.

ಎರಡನೆಯದು ಎಸ್‌ಎಂಪಿಎಸ್. 80 ಪ್ಲಸ್ ಗೋಲ್ಡ್ ಎಂಬ ಚೀಟಿ ನೋಡಿ 650 ವ್ಯಾಟ್‌ನದನ್ನು ತರುತ್ತಾರೆ. ಆ ಗೋಲ್ಡ್ ದಕ್ಕಿದ್ದು ಶೇ 20, 50 ಮತ್ತು 100 ಲೋಡಿನ ಪರೀಕ್ಷೆಯಲ್ಲಿ. ನಿಮ್ಮ 15 ವ್ಯಾಟ್ ಅದರ ಶೇ 3ನ್ನೂ ಮುಟ್ಟುವುದಿಲ್ಲ, ಅಲ್ಲಿ ಅದರ ಯೋಗ್ಯತೆ ಏನೆಂದು ಚೀಟಿ ಹೇಳುವುದೇ ಇಲ್ಲ. ಒಳ್ಳೆಯ 12 ವೋಲ್ಟ್ ಅಡಾಪ್ಟರ್ ಸಾಕು.

ಇನ್ನು ಡಿಸ್ಕ್. ನಿಲ್ಲಿಸಬೇಕೋ ತಿರುಗಿಸುತ್ತಲೇ ಇರಬೇಕೋ ಎಂಬ ಹಳೆಯ ಜಗಳದಲ್ಲಿ ನಾನು ನಿಲ್ಲಿಸುವ ಪಕ್ಷ. ಮೂರೂವರೆ ಇಂಚಿನ ಡಿಸ್ಕ್ ಬರಿದೇ ತಿರುಗುತ್ತಿದ್ದರೆ ಸುಮಾರು 5 ವ್ಯಾಟ್, ನಿಂತರೆ ಒಂದು ವ್ಯಾಟ್‌ಗೂ ಕಡಿಮೆ. ನಾಲ್ಕು ಡಿಸ್ಕ್ ಇದ್ದರೆ ಇಡೀ ಯಂತ್ರ ತಿನ್ನುವುದಕ್ಕಿಂತ ಹೆಚ್ಚು ಉಳಿತಾಯ ಇಲ್ಲೇ ಇದೆ. ನಿಂತು ಶುರುವಾದರೆ ಡಿಸ್ಕ್ ಸವೆಯುತ್ತದೆ ಎನ್ನುವವರ ಮಾತು ಸುಳ್ಳಲ್ಲ, ಆದರೆ ಅದು ಐದು ನಿಮಿಷಕ್ಕೊಮ್ಮೆ ನಿಲ್ಲಿಸುವವರಿಗೆ ಹೇಳಬೇಕಾದ ಮಾತು. ದಿನಕ್ಕೆ ಎರಡೋ ಮೂರೋ ಸಲ ಏಳುವ ಡಿಸ್ಕಿಗೆ ಅದರಿಂದ ಏನೂ ಆಗದು. ಟೈಮರ್ ಒಂದು ಗಂಟೆಗೆ ಇಡಿ. ಫೋಟೊ, ಡೇಟಾಬೇಸ್, ಲಾಗ್ ಇವೆಲ್ಲ ಎಸ್‌ಎಸ್‌ಡಿ ಮೇಲಿರಲಿ. ಡಿಸ್ಕ್ ಏಳುವುದು ನೀವು ಸಿನಿಮಾ ಹಾಕಿದಾಗ ಮತ್ತು ಬ್ಯಾಕಪ್ ಹೊತ್ತಿಗೆ ಮಾತ್ರ. ಇಷ್ಟಾದರೂ ಅದು ಪದೇಪದೇ ಏಳುತ್ತಿದ್ದರೆ ಥಂಬ್‌ನೇಲ್ ಮಾಡುವ ಯಾವುದೋ ಆ್ಯಪ್ ಅಥವಾ ಅರ್ಧಗಂಟೆಗೊಮ್ಮೆ ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ಮಾಹಿತಿ ಕೇಳುವ ಸೇವೆಯೇ ಕಾರಣ. ಅದನ್ನು ಹುಡುಕಿ ಹಿಡಿಯಿರಿ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ತಟ್ಟನೆ ವಿದ್ಯುತ್ ನಿಂತರೆ ಡಿಸ್ಕ್ ತನ್ನ ಉಳಿದ ತಿರುಗುವಿಕೆಯನ್ನೇ ಜನರೇಟರಿನಂತೆ ಬಳಸಿ ಹೆಡ್‌ಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಎಂಥ ಚೆಂದದ ಏರ್ಪಾಟು! ಆದರೆ ಅದು ತುರ್ತಿನ ದಾರಿ, ದಿನಾ ಸಂಜೆ ಬಳಸುವಂಥದ್ದಲ್ಲ. ಹಾಗಾಗಿ ಬ್ಯಾಟರಿಯ ಆಸರೆ ಬೇಕು. ಮನೆಯ ಇನ್ವರ್ಟರ್ ಬ್ಯಾಟರಿಯ ಡಿಸಿಯನ್ನು 230 ವೋಲ್ಟ್ ಎಸಿ ಮಾಡುತ್ತದೆ, ಅಡಾಪ್ಟರ್ ಅದನ್ನು ಮತ್ತೆ 12 ವೋಲ್ಟ್ ಡಿಸಿ ಮಾಡುತ್ತದೆ, ಎರಡು ಕಡೆಯೂ ನಷ್ಟ. 12 ವೋಲ್ಟ್‌ನ ಯಂತ್ರವಾದರೆ ನೇರ ಡಿಸಿ ಯುಪಿಎಸ್‌ನಿಂದಲೇ ನಡೆಸಬಹುದು. ಒಂದು ಎಚ್ಚರಿಕೆ: ಒಂದೊಂದು ಡಿಸ್ಕ್ ತಿರುಗಲು ಶುರುಮಾಡುವ ಕೆಲವು ಸೆಕೆಂಡು 2 ಆಂಪಿಯರ್ ಹತ್ತಿರ ಎಳೆಯುತ್ತದೆ. ರೂಟರ್‌ಗೆಂದು ಮಾರುವ ಪುಟ್ಟ ಯುಪಿಎಸ್ ಅದನ್ನು ತಾಳುವುದಿಲ್ಲ. ಲೆಡ್ ಆ್ಯಸಿಡ್ ಬ್ಯಾಟರಿಯಿಂದ ನೇರ ತಂತಿ ಎಳೆಯುವುದಂತೂ ಬೇಡವೇ ಬೇಡ, ಚಾರ್ಜ್ ಆಗುವಾಗ ಅದು 14 ವೋಲ್ಟ್ ದಾಟುತ್ತದೆ.

ಅಳೆಯುವುದಕ್ಕೆ ಸಾಧನ ಇಲ್ಲ ಎಂದು ಯಾರೂ ಹೇಳಬೇಡಿ. ಮನೆಯ ಕರೆಂಟ್ ಮೀಟರ್ ಸಾಕು. ಅದರ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕುತ್ತದೆ ಎಂದು ಬರೆದಿರುತ್ತದೆ, ಬಹಳ ಮೀಟರ್‌ಗಳಲ್ಲಿ 3200. ಫ್ರಿಜ್, ಇನ್ವರ್ಟರ್, ಉಳಿದೆಲ್ಲವನ್ನೂ ಆರಿಸಿ ಸರ್ವರ್ ಒಂದನ್ನೇ ಬಿಡಿ. ಡಿಸ್ಕ್‌ಗಳು ಮಲಗುವವರೆಗೆ ಕಾದು, ಕೆಂಪು ದೀಪ ಒಮ್ಮೆ ಮಿಣುಕಿದಾಗಿನಿಂದ ಮುಂದಿನ ಸಲಕ್ಕೆ ಎಷ್ಟು ಸೆಕೆಂಡು ಎಂದು ಗಡಿಯಾರ ಹಿಡಿದು ನೋಡಿ. 3200ರ ಮೀಟರಾದರೆ 1125ನ್ನು ಆ ಸೆಕೆಂಡುಗಳಿಂದ ಭಾಗಿಸಿ, ಬಂದದ್ದೇ ವ್ಯಾಟ್. 75 ಸೆಕೆಂಡಾದರೆ 15 ವ್ಯಾಟ್. 11 ಸೆಕೆಂಡಿಗೇ ಮಿಣುಕಿದರೆ 100ರ ಮೇಲೆ. ಈ ಭಾನುವಾರ ಅಳೆದು, ಪ್ರೊಸೆಸರ್ ಯಾವುದು, ಡಿಸ್ಕ್ ಎಷ್ಟು, ಎಸ್‌ಎಂಪಿಎಸ್ ಯಾವುದು ಎಂಬುದರ ಜೊತೆಗೆ ನಿಮ್ಮ ಅಂಕಿಯನ್ನು ಪತ್ರಿಕೆಗೆ ಬರೆದು ಕಳುಹಿಸಿ. ಆ ಅಂಕಿ ಕೈಗೆ ಸಿಗುವವರೆಗೆ ಹೊಸದೇನನ್ನೂ ಕೊಳ್ಳಬೇಡಿ.