ತಾಯಿಯ ಹಾಡು, ಮಕ್ಕಳ ನುಡಿ

ಹೊರನಾಡಿಗೆ ಹೋದವರ ತಾಯ್ನುಡಿ ಎರಡನೆಯ ತಲೆಮಾರಿನಲ್ಲಿ ಏನಾಗುತ್ತದೆಂಬುದನ್ನು ಜನಗಣತಿಯ ಅಂಕಿಗಳು ಹೇಳಬಲ್ಲವು. ಮನೆಯೊಳಗೆ ಅದು ಹೇಗೆ ಆಗುತ್ತದೆಂಬುದನ್ನು ತಿಳಿಯಬೇಕಾದರೆ ಸಾಹಿತ್ಯದ ಬಳಿಗೇ ಹೋಗಬೇಕು. ಅಮೆರಿಕದ ಚೀನೀಯರ ಬಾಳನ್ನು ಕುರಿತು ಮ್ಯಾಕ್ಸಿನ್ ಹಾಂಗ್ ಕಿಂಗ್‌ಸ್ಟನ್ ಬರೆದ ‘ದಿ ವುಮನ್ ವಾರಿಯರ್’ (1976) ಈ ದೃಷ್ಟಿಯಿಂದ ಮತ್ತೊಮ್ಮೆ ಓದತಕ್ಕ ಕೃತಿ.

ಲೇಖಕಿ ಹುಟ್ಟಿದ್ದು 1940ರಲ್ಲಿ, ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ನಿನಲ್ಲಿ. ತಂದೆತಾಯಿಗಳು ದಕ್ಷಿಣ ಚೀನದ ಹಳ್ಳಿಯಿಂದ ಬಂದು ಬಟ್ಟೆ ಒಗೆಯುವ ಅಂಗಡಿ ನಡೆಸಿದವರು. ಕೃತಿಯಲ್ಲಿ ತಾಯಿ ಮಗಳಿಗೆ ಒಂದು ಸಂಗತಿ ಹೇಳುತ್ತಾಳೆ: ಯಾವ ಭಾಷೆಯಲ್ಲಾದರೂ ಸರಾಗವಾಗಿ ಹೊರಳಲೆಂದು ನಿನ್ನ ನಾಲಗೆಯ ಕೆಳಗಿನ ನರವನ್ನು ನಾನೇ ಕತ್ತರಿಸಿದೆ, ಎಂದು. ಆದರೆ ಇಂಗ್ಲಿಷ್ ಶಾಲೆಗೆ ಸೇರಿದ ಬಾಲಕಿಗೆ ಮಾತೇ ಹೊರಡುವುದಿಲ್ಲ. ತಾನು ಬರೆದ ಚಿತ್ರಗಳ ಮೇಲೆಲ್ಲ ಕಪ್ಪು ಬಣ್ಣ ಬಳಿಯುತ್ತಾಳೆ. ಚೀನೀ ಲಿಪಿಯಲ್ಲಿ ‘ನಾನು’ ಎಂಬುದಕ್ಕೆ ಏಳು ಗೀರುಗಳು. ಇಂಗ್ಲಿಷಿನ ‘ಐ’ ಅಕ್ಷರಕ್ಕೆ ಮೂರೇ ಏಕೆಂಬುದು ಅವಳಿಗೆ ಬಿಡಿಸಲಾಗದ ಒಗಟು. ಸಂಜೆ ಐದರಿಂದ ಏಳೂವರೆಯವರೆಗೆ ಚೀನೀ ಶಾಲೆ. ಅಲ್ಲಿ ಮಕ್ಕಳೆಲ್ಲ ಒಟ್ಟಾಗಿ ಗಟ್ಟಿಯಾಗಿ ಪಾಠ ಒಪ್ಪಿಸುತ್ತಾರೆ. ಹಗಲಿನ ಮೂಕಿಯರು ಅಲ್ಲಿ ಕೂಗಾಡುತ್ತಾರೆ.

ಇಷ್ಟನ್ನೇ ಓದಿದವರು, ಸಂಜೆಯ ಶಾಲೆಯೊಂದಿದ್ದರೆ ತಾಯ್ನುಡಿ ಉಳಿದೀತೆಂದು ಸಮಾಧಾನಪಡಬಹುದು. ಲೇಖಕಿ ಆ ಸಮಾಧಾನಕ್ಕೆ ಎಡೆಗೊಡುವುದಿಲ್ಲ. ಹಿರಿಯರು ಅಲ್ಲಿ ಹುಟ್ಟಿದ ಮಕ್ಕಳನ್ನು ಒಂದು ಹೆಸರಿನಿಂದ ಕರೆಯುತ್ತಿದ್ದರು. ಅದರ ಅರ್ಥವನ್ನು ಅವರು ದೊಡ್ಡವರಾದ ಮೇಲೂ ನಿಘಂಟುಗಳಲ್ಲಿ ಹುಡುಕಿ ಸೋಲುತ್ತಾರೆ. ಅದು ಹಳ್ಳಿಯ ಉಚ್ಚಾರಣೆ; ನಿಘಂಟು ಶಿಷ್ಟಭಾಷೆಯದು. ಕೇಳೋಣವೆಂದರೆ ನಗೆಪಾಟಲಾಗುವ ಭಯ. ತನ್ನನ್ನೇ ಕರೆದ ಹೆಸರಿನ ಅರ್ಥ ತಿಳಿಯದೆ ಉಳಿಯುವುದಕ್ಕಿಂತ ಸೂಕ್ಷ್ಮವಾಗಿ ಭಾಷೆಯ ನಷ್ಟವನ್ನು ತೋರಿಸುವುದು ಕಷ್ಟ.

ಈ ಕೃತಿಯ ಮೇಲೆ ಚೀನೀ ಮೂಲದವರಿಂದಲೇ ಆಕ್ಷೇಪಣೆ ಬಂತು. ವೀರಕನ್ಯೆ ಮುಲಾನಳ ಬೆನ್ನಿನ ಮೇಲೆ ಅಕ್ಷರ ಕೊರೆದ ಪ್ರಸಂಗ ನಿಜವಾಗಿ ಸೇನಾನಿ ಯುವೆ ಫೇಯ ಕಥೆಗೆ ಸೇರಿದ್ದು. ಇಂಥ ಕಲಬೆರಕೆಯನ್ನು ಫ್ರಾಂಕ್ ಚಿನ್ ಎಂಬ ಲೇಖಕ ಕಟುವಾಗಿ ಖಂಡಿಸಿದರು. ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಕೃತಿಗೆ ಬಹುಮಾನ ಬಂದದ್ದು ಕಥೇತರ ವಿಭಾಗದಲ್ಲಿ; ಮೂಲವನ್ನರಿಯದ ಓದುಗ ಇದೇ ಚೀನೀ ಪುರಾಣವೆಂದು ನಂಬಿಯಾನು. ಆದರೆ ಅರ್ಧ ತಿಳಿದ ಭಾಷೆಯಲ್ಲಿ, ನಿದ್ದೆಗಣ್ಣಿನಲ್ಲಿ ಕೇಳಿದ ಕಥೆ ಮಗುವಿನ ಮನಸ್ಸಿನಲ್ಲಿ ಬೆರಕೆಯಾಗದೆ ಉಳಿಯುವುದೆಂತು? ಆ ತಪ್ಪು ಕೂಡ ಕೃತಿಯ ವಸ್ತುವಿಗೆ ಸಾಕ್ಷಿಯೇ.

ನನ್ನ ತಕರಾರು ಮುಕ್ತಾಯವನ್ನು ಕುರಿತದ್ದು. ಎರಡನೆಯ ಶತಮಾನದಲ್ಲಿ ಹುಟ್ಟಿದ ಕವಯಿತ್ರಿ ತ್ಸಾಯ್ ಯೆನ್‌ಳನ್ನು ಅಲೆಮಾರಿ ಪಡೆ ಸೆರೆಹಿಡಿದು ಒಯ್ಯುತ್ತದೆ. ಅಲ್ಲಿ ಹುಟ್ಟಿದ ಅವಳ ಮಕ್ಕಳಿಗೆ ಚೀನೀ ಬಾರದು. ತಾಯಿಯ ಮಾತನ್ನು ಅಣಕಿಸಿ ನಗುತ್ತಾರೆ. ಒಂದು ರಾತ್ರಿ ಅವಳು ಹಾಡುತ್ತಾಳೆ. ಈ ಸಲ ಅವರು ನಗುವುದಿಲ್ಲ. ಕ್ರಮೇಣ ತಾವೂ ದನಿಗೂಡಿಸುತ್ತಾರೆ. ಹನ್ನೆರಡು ವರ್ಷಗಳ ಮೇಲೆ ಬಿಡುಗಡೆಯಾಗಿ ಆ ಹಾಡುಗಳೊಡನೆ ತಾಯ್ನಾಡಿಗೆ ಮರಳುತ್ತಾಳೆ. ಅನುವಾದದಲ್ಲಿಯೂ ಹಾಡು ಕೆಡಲಿಲ್ಲವೆಂಬ ಅಭಿಪ್ರಾಯದಿಂದ ಕೃತಿ ಮುಗಿಯುತ್ತದೆ. ಸುಂದರವಾದ ಮುಕ್ತಾಯವೇನೋ ಹೌದು. ಆದರೆ ಇತಿಹಾಸದ ತ್ಸಾಯ್ ಯೆನ್ ಮಕ್ಕಳನ್ನು ಅಲ್ಲಿಯೇ ಬಿಟ್ಟು ಬಂದವಳು. ಆ ಮೇಲೆ ಆ ಮಕ್ಕಳು ಯಾವ ಮಾತಿನಲ್ಲಿ ಹಾಡಿದರು?

ಈ ಪ್ರಶ್ನೆ ಇಂದು ಇನ್ನೊಂದು ರೂಪ ತಾಳಿದೆ. ಅಮೆರಿಕದ ಚೀನೀ ಶಾಲೆಗಳಲ್ಲಿ ಈಗ ಹೆಚ್ಚಾಗಿ ಕಲಿಸುವುದು ಮ್ಯಾಂಡರಿನ್. ಕ್ಯಾಂಟನ್ ಸೀಮೆಯ ಮಾತನಾಡುವ ಅಜ್ಜಿಯ ಮೊಮ್ಮಗು ಅದರಲ್ಲಿ ಪರೀಕ್ಷೆ ಗೆದ್ದು ಬಂದರೂ ಅಜ್ಜಿಯೊಡನೆ ಮಾತಿಲ್ಲದೆ ಕೂರಬೇಕಾದೀತು. ವಾರದ ಕೊನೆಗೆ ಅಲ್ಲಿಯೇ ಕನ್ನಡ ತರಗತಿಗಳನ್ನು ನಡೆಸುತ್ತಿರುವ ನಮ್ಮವರಿಗೂ ಇದು ಮನನೀಯ. ಮಗು ಅಕ್ಷರ ಕಲಿತರೆ ಸಂತೋಷವೇ. ಆದರೆ ಕುಂದಾಪುರದ ಅಜ್ಜಿ ಕರೆದ ಮುದ್ದಿನ ಹೆಸರಿನ ಅರ್ಥವನ್ನು ಮಗು ಭಯವಿಲ್ಲದೆ ಕೇಳಬೇಕು; ಮನೆಯವರು ಬೇಸರಿಸದೆ ಹೇಳಬೇಕು. ಕಿಂಗ್‌ಸ್ಟನ್ನರಿಗೆ ದೊರೆಯದೆ ಹೋದದ್ದು ಅದೊಂದೇ. ಆ ಕೊರತೆಯನ್ನು ಒಂದು ಉತ್ತಮ ಪುಸ್ತಕ ಕೂಡ ತುಂಬಲಾರದು.