ಬಾಲ ಹೋಯಿತು, ಗಂಟು ಉಳಿಯಿತು

ಕೇಸ್ ರಿಪೋರ್ಟ್ ಓದುವ ಚಟ ಹತ್ತಿದವರಿಗೆ ನೆಗಡಿ, ಕೆಮ್ಮು, ಬಿಪಿಗಳು ಬೇಗ ಸಪ್ಪೆಯಾಗುತ್ತವೆ. ಅವರಿಗೆ ಬೇಕಾದ್ದು ನಾಲ್ಕಾರು ವೈದ್ಯರಿಗೆ ಚಳ್ಳೆಹಣ್ಣು ತಿನ್ನಿಸಿದ ಕಾಯಿಲೆ. ಅಂಥ ಪಂಕ್ತಿಯಲ್ಲಿ ‘ಟೇಲ್‌ಗಟ್ ಸಿಸ್ಟ್’ಗೆ ಮೊದಲ ಮಣೆ ಹಾಕಬಹುದು. ಮುಂದೆ ಮಲಾಶಯ, ಹಿಂದೆ ತ್ರಿಕಾಸ್ಥಿ. ಎರಡರ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ಬೆಳೆಯುವ ಚೀಲದಂಥ ಗಂಟು ಇದು.

ಇದರ ಮೂಲ ತಾಯಿಯ ಗರ್ಭದಲ್ಲೇ ಇದೆ. ಐದನೇ ವಾರದ ಭ್ರೂಣಕ್ಕೆ ಬಾಲವಿರುತ್ತದೆ. ಕರುಳಿನ ತುದಿ ಆ ಬಾಲದೊಳಕ್ಕೂ ಚಾಚಿಕೊಂಡಿರುತ್ತದೆ. ಎಂಟನೇ ವಾರದ ಹೊತ್ತಿಗೆ ಎರಡೂ ಕರಗಿಹೋಗಬೇಕು. ಎಲ್ಲೋ ಕೆಲವರಲ್ಲಿ ಕರುಳಿನ ಆ ತುದಿಯ ಚೂರು ಉಳಿದುಬಿಡುತ್ತದೆ. ಅದು ಲೋಳೆ ಒಸರುತ್ತದೆ, ಲೋಳೆಗೆ ಹೊರದಾರಿಯಿಲ್ಲ. ಹೀಗೆ ವರ್ಷಗಟ್ಟಲೆ ತುಂಬಿ ತುಂಬಿ ಊದಿಕೊಳ್ಳುತ್ತದೆ.

ಎಷ್ಟು ಅಪರೂಪ? ಅಮೆರಿಕದ ಮೇಯೋ ಕ್ಲಿನಿಕ್‌ನವರು 1960ರಿಂದ 1979ರವರೆಗಿನ ಕಡತ ತೆಗೆದಾಗ, ಈ ಸಂದಿಯ ಎಲ್ಲ ಬಗೆಯ ಗಡ್ಡೆಗಳೂ ಸೇರಿ ಸಿಕ್ಕವರು 120 ಮಂದಿ. ಅಂದರೆ ಆಸ್ಪತ್ರೆಗೆ ಬಂದ ಸುಮಾರು 40,000 ಜನರಲ್ಲಿ ಒಬ್ಬರು. 1988ರಲ್ಲಿ ಹೆರ್ಮ್‌ಸ್ಟಾಡ್ ಮತ್ತು ಹೆಲ್ವಿಗ್ ಎಂಬ ರೋಗಶಾಸ್ತ್ರಜ್ಞರು 53 ಟೇಲ್‌ಗಟ್ ಸಿಸ್ಟ್‌ಗಳನ್ನು ಒಂದೆಡೆ ಸೇರಿಸಿ ವಿವರಿಸಿದರು. ಹೆಂಗಸರಲ್ಲೇ ಇದು ಹೆಚ್ಚು.

ಎಷ್ಟೋ ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. ಸ್ತ್ರೀರೋಗ ತಜ್ಞರು ಬೇರೇನನ್ನೋ ಪರೀಕ್ಷಿಸುವಾಗ ಗಂಟು ಕೈಗೆ ಸಿಗುತ್ತದೆ. ಉಳಿದವರಿಗೆ ಕೂತರೆ ಬುಡದಲ್ಲಿ ನೋವು, ಮಲಬದ್ಧತೆ, ಪದೇಪದೇ ಮೂತ್ರಕ್ಕೆ ಅವಸರ. ಸೋಂಕು ತಗುಲಿದರಂತೂ ಗುದದ್ವಾರದ ಬಳಿ ಕುರು ಎದ್ದು ಕೀವು ಸೋರುತ್ತದೆ. ಆಗಲೇ ದಾರಿ ತಪ್ಪುವುದು. ಕುರು ಎಂದು ಕೊಯ್ದು ಕೀವು ತೆಗೆಯುತ್ತಾರೆ, ಮತ್ತೆ ಬರುತ್ತದೆ. ಫಿಸ್ತುಲ ಎಂದು ಆಪರೇಷನ್ ಮಾಡುತ್ತಾರೆ, ಆಮೇಲೂ ಬರುತ್ತದೆ. ಆ ಜಾಗದ ಏನೇ ತೊಂದರೆಗೂ ಮೂಲವ್ಯಾಧಿ ಎಂದು ಹೆಸರಿಟ್ಟು, ಗೋಡೆಬರಹದ ಔಷಧಿಗೆ ಮೊರೆಹೋಗುವ ನಮ್ಮ ಊರುಗಳಲ್ಲಿ ನಾಚಿಕೆಯೂ ಸೇರಿ ಇನ್ನಷ್ಟು ವರ್ಷ ಕಳೆಯುತ್ತದೆ.

ಬಲ್ಲ ಸರ್ಜನ್ ಮೊದಲು ನಂಬುವುದು ಕೈಗವಸು ತೊಟ್ಟ ಬೆರಳನ್ನು. ಗುದದ್ವಾರದೊಳಗೆ ಬೆರಳಿಟ್ಟು ಹಿಂಬದಿಯ ಗೋಡೆಯನ್ನು ಮೆಲ್ಲಗೆ ಒತ್ತಿದರೆ, ನುಣುಪಾದ ಒಳಪೊರೆಯ ಆಚೆಗೆ ಮೆತ್ತನೆಯ ಉಬ್ಬೊಂದು ತಾಗುತ್ತದೆ. ಗುದದ್ವಾರದ ಹಿಂದೆ ನಟ್ಟನಡುವೆ ಸಣ್ಣ ಗುಳಿ ಕಂಡರೆ ಅನುಮಾನ ಇನ್ನೂ ಬಲವಾಗುತ್ತದೆ. ಮುಂದಿನದು ಎಂಆರ್‌ಐ: ಗಂಟು ಎಲ್ಲಿಂದ ಎಲ್ಲಿಯವರೆಗಿದೆ, ಒಂದೇ ಕೋಣೆಯೋ ಹಲವೋ, ಮೂಳೆಗೆ ತಾಗಿದೆಯೋ ಎಂಬುದನ್ನೆಲ್ಲ ಅದು ಬಿಡಿಸಿ ತೋರಿಸುತ್ತದೆ.

ಇಂಥ ಗಂಟಿಗೆ ಮಲಾಶಯದ ಮೂಲಕ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸುವುದು ಅಪಾಯ. ಸೋಂಕು ಒಳಹೊಕ್ಕೀತು, ಒಳಗೆ ಕ್ಯಾನ್ಸರ್ ಇದ್ದರೆ ಸೂಜಿಯ ದಾರಿಯಲ್ಲೇ ಹರಡೀತು. ಇದೇ ಸಂದಿಯಲ್ಲಿ ಮೆನಿಂಗೋಸೀಲ್ ಎಂಬ ಇನ್ನೊಂದು ಚೀಲವೂ ಇರಬಹುದು. ಅದರಲ್ಲಿರುವುದು ಬೆನ್ನುಹುರಿಯ ದ್ರವ. ಚುಚ್ಚಿದರೆ ಮೆನಿಂಜೈಟಿಸ್ ಖಚಿತವಲ್ಲದಿದ್ದರೂ ದೂರವಿಲ್ಲ. ಎಕ್ಸ್‌ರೇಯಲ್ಲಿ ತ್ರಿಕಾಸ್ಥಿ ಕುಡುಗೋಲಿನಂತೆ ಬಾಗಿ ಕಂಡರೆ ಅದು ಮೆನಿಂಗೋಸೀಲ್‌ನ ಸುಳಿವು. ಹುಟ್ಟಿನಿಂದಲೇ ಬರುವ ಇಂಥ ಮೂಳೆದೋಷ, ಕಿರಿದಾದ ಗುದದ್ವಾರ ಮತ್ತು ಈ ಸಂದಿಯ ಗಂಟು ಮೂರೂ ಜೊತೆಗೂಡಿದ್ದನ್ನು 1981ರಲ್ಲಿ ವಿವರಿಸಿದವರು ರೇಡಿಯಾಲಜಿಸ್ಟ್ ಗೀಡೋ ಕುರಾರಿನೋ. ಆ ಕೂಟಕ್ಕೆ ಅವರದೇ ಹೆಸರು.

ಗಂಟು ಪತ್ತೆಯಾದರೆ ಪೂರ್ತಿ ತೆಗೆಯುವುದೇ ರೂಢಿಯ ಚಿಕಿತ್ಸೆ. ತ್ರಿಕಾಸ್ಥಿಯ ಮೂರನೇ ಮಣಿಯೇ ಗಡಿ. ಗಂಟು ಅದರ ಮೇಲಿದ್ದರೆ ಹೊಟ್ಟೆಯ ಮೂಲಕ, ಈಗ ಬಹಳ ಕಡೆ ಲ್ಯಾಪರೋಸ್ಕೋಪಿಯಿಂದ; ಕೆಳಗಿದ್ದರೆ ಬೆನ್ನ ಕಡೆಯಿಂದ; ಎರಡೂ ಕಡೆ ಹಬ್ಬಿದ್ದರೆ ಎರಡೂ ದಾರಿ. ಬೆನ್ನ ಕಡೆಯ ದಾರಿ ತೋರಿದವರು ಜರ್ಮನಿಯ ಪೌಲ್ ಕ್ರಾಸ್ಕೆ. 1885ರಲ್ಲಿ ಅವರು ಅದನ್ನು ಮಂಡಿಸಿದ್ದು ಮಲಾಶಯದ ಕ್ಯಾನ್ಸರ್‌ಗಾಗಿ.

ರೋಗಿಯನ್ನು ಬೋರಲು ಮಲಗಿಸಿ, ಸೊಂಟ ಮೇಲೇಳುವಂತೆ ಮೇಜನ್ನು ಮಡಿಸುತ್ತಾರೆ. ಬಾಲಮೂಳೆಯ ಮೇಲೆ ಕೊಯ್ದು, ಬೇಕೆನಿಸಿದರೆ ಆ ಮೂಳೆಯನ್ನೇ ತೆಗೆಯುತ್ತಾರೆ. ಆಗ ಎರಡು ಕೈಗವಸು ತೊಟ್ಟ ಬೆರಳೊಂದು ಮಲಾಶಯದೊಳಗಿನಿಂದ ಗಂಟನ್ನು ಗಾಯದ ಬಾಯಿಗೆ ತಳ್ಳಿಕೊಡುತ್ತದೆ. ಮಲಾಶಯದ ಗೋಡೆ ಎಲ್ಲಿ ತೆಳುವಾಗುತ್ತಿದೆ ಎಂಬುದನ್ನೂ ಅದೇ ಹೇಳುತ್ತದೆ. ಅಕ್ಕಪಕ್ಕದಲ್ಲೇ ಮಲಮೂತ್ರ ಹತೋಟಿಯ ನರಗಳಿರುವುದರಿಂದ ಇಲ್ಲಿ ಅವಸರ ನಡೆಯದು.

ಹೊರಬಂದ ಗಂಟನ್ನು ರೋಗಶಾಸ್ತ್ರಜ್ಞರು ಸೀಳಿದರೆ ಒಂದೇ ಚೀಲದಲ್ಲಿ ಒಂದು ಕಡೆ ಚರ್ಮದಂಥ ಪದರ, ಇನ್ನೊಂದು ಕಡೆ ಲೋಳೆ ಒಸರುವ ಕರುಳಿನ ಪದರ ಕಾಣುತ್ತದೆ. ಕೂದಲು ಸಿಕ್ಕರೆ ಅದು ಡರ್ಮಾಯ್ಡ್ ಎಂಬ ಬೇರೆ ಬಗೆಯ ಗಂಟು, ಟೇಲ್‌ಗಟ್ ಅಲ್ಲ. ಕ್ಯಾನ್ಸರ್ ಒಂದು ಮೂಲೆಯಲ್ಲಷ್ಟೇ ಅಡಗಿರಬಹುದಾದ್ದರಿಂದ ಹಲವು ಕಡೆಯ ತುಣುಕು ತೆಗೆದು ನೋಡುತ್ತಾರೆ. ಚೀಲದ ಚೂರೇನಾದರೂ ಒಳಗೇ ಉಳಿದಿದ್ದರೆ ಗಂಟು ಮರಳಿ ಬರುವ ಸಂಭವವಿದೆ. ಅದಕ್ಕೇ ಗಾಯ ಮಾಗಿದ ಮೇಲೂ ರೋಗಿ ಬೆರಳಿನ ಪರೀಕ್ಷೆಗೆ, ಬೇಕಾದಾಗ ಎಂಆರ್‌ಐಗೆ ಬರುತ್ತಿರಬೇಕಾಗುತ್ತದೆ.